ಪಾರಿವಾಳದ ಹೆಜ್ಜೆ

ಆ ಬೀದಿಯಲ್ಲಿ ಉಣ್ಣೆಯಕ್ಕ ಹೆಣೆದ ಒಂದಾದರೂ ವಸ್ತು ಇಲ್ಲದ ಮನೆ ಇರಲಿಲ್ಲ. ಮೂಲೆಯ ಬೇಕರಿಯವನ ತಲೆಗೆ ಅವಳ ಟೊಪ್ಪಿ, ಅವನ ಮೊಮ್ಮಗುವಿನ ಕಾಲಿಗೆ ಅವಳ ಕಾಲುಚೀಲ, ಎದುರುಮನೆಯ ಹಲ್ಲಿನ ಡಾಕ್ಟರ ಕೊರಳಿಗೆ ಅವಳ ಮಫ್ಲರ್. ಇಷ್ಟನ್ನೂ ಹಂಚಿದ್ದು ಮಾತ್ರ ಅವಳಲ್ಲ, ಅವಳ ಗಂಡ.

ಗಂಡ ಬಸ್ಸುಗಳಲ್ಲಿ ಟಿಕೆಟ್ ತಪಾಸಣೆ ಮಾಡಿ ನಿವೃತ್ತನಾದವನು. ಕೆಲಸದಲ್ಲಿ ಇರುವಷ್ಟು ಕಾಲ ಜನ ಅವನನ್ನು ಕಂಡರೆ ಮುಖ ಸಣ್ಣದು ಮಾಡಿಕೊಂಡು ಜೇಬು ತಡಕುತ್ತಿದ್ದರು. ಮನೆಯಲ್ಲಿ ಕೂತ ಮೇಲೆ, ತನ್ನನ್ನು ಕಂಡರೆ ಜನ ನಗಬೇಕು, ಎದ್ದು ನಿಂತು ಮಾತಾಡಿಸಬೇಕು ಎಂಬ ಆಸೆ ಅವನಿಗೆ ಹತ್ತಿತು. ಅದಕ್ಕೆ ಬೇಕಾದ ಸರಂಜಾಮು ಮನೆಯ ಕಪಾಟಿನಲ್ಲೇ ಇತ್ತು. ಹೆಂಡತಿ ಮುಗಿಸಿ, ತೊಳೆದು, ನೆರಳಲ್ಲಿ ಒಣಗಿಸಿ ಮಡಚಿಟ್ಟದ್ದನ್ನು ತೆಗೆದು ಕಾಗದದಲ್ಲಿ ಸುತ್ತಿಕೊಂಡು ಹೊರಟುಬಿಡುತ್ತಿದ್ದ. "ನಮ್ಮ ಮನೇದು, ಇಟ್ಕೊಳ್ಳಿ" ಎಂದು ಕೊಟ್ಟು ಬರುತ್ತಿದ್ದ. ಬೀದಿಯವರು ಅವನನ್ನು 'ದಾನಿಗಳು' ಎಂದು ಕರೆಯತೊಡಗಿದರು. ಅವರು ಕರೆದದ್ದು ಅರ್ಧ ತಮಾಷೆಗೆ. ಅವನು ತೆಗೆದುಕೊಂಡದ್ದು ಪೂರ್ತಿ ನಿಜವೆಂದೇ.

"ನಿಮಗೆ ಕೇಳೋಕೇನ್ರೀ ಕಷ್ಟ? ಒಂದು ಮಾತು ಹೇಳಿ ತಗೊಂಡು ಹೋಗಬಾರದಾ?" ಎಂದು ಉಣ್ಣೆಯಕ್ಕ ಮೊದಮೊದಲು ಕೇಳುತ್ತಿದ್ದಳು.

"ಸುಮ್ನೆ ಕೂತಾಗ ಹೆಣೀತೀಯ. ಅದಕ್ಕೂ ಲೆಕ್ಕ ಇಡಬೇಕೇನೇ?"

ಸುಮ್ಮನೆ ಕೂತಾಗ! ಬೆಳಗ್ಗೆ ಅವನ ತಾಯಿಗೆ ಬಿಸಿನೀರು, ಮಗ ಸೊಸೆಗೆ ಡಬ್ಬಿ, ಇವನಿಗೆ ಮೂರು ಸಲ ಚಹಾ, ನೆಲ, ಪಾತ್ರೆ, ಬಟ್ಟೆ. ಇವೆಲ್ಲದರ ಸಂದಿಯಲ್ಲಿ ಕದ್ದ ಹೊತ್ತು ಅದು. ಆದರೂ, ಹೋದರೆ ಹೋಗಲಿ, ಇನ್ನೊಂದು ಹೆಣೆದರಾಯಿತು ಎಂದು ಅವಳು ಬಾಯಿ ಮುಚ್ಚಿಕೊಂಡಿದ್ದಳು. ಆ ವರ್ಷದ ಚಳಿ ಶುರುವಾಗುವವರೆಗೂ ಹಾಗೇ ನಡೆಯಿತು.

ಅವಳು ಉಣ್ಣೆ ಕೊಳ್ಳುತ್ತಿದ್ದ ಅಂಗಡಿಯ ಒಡತಿ ದಪ್ಪ ಕನ್ನಡಕದ, ನೇರ ಮಾತಿನ ಹೆಂಗಸು. ಒಂದು ದಿನ ಅವಳು ಉಣ್ಣೆಯಕ್ಕನನ್ನು ಸ್ಟೂಲಿನ ಮೇಲೆ ಕೂರಿಸಿ ಹೇಳಿದಳು. "ನೋಡಿ, ಉಣ್ಣೆ ಮಿಲ್ಲಿನವರು ಹೊಸ ವಿನ್ಯಾಸಗಳ ಪುಸ್ತಕ ತರ್ತಾ ಇದ್ದಾರೆ. ಅಲ್ಲಿಂದ ಒಬ್ಬ ಮೇಡಂ ಈ ತಿಂಗಳ ಕೊನೇಲಿ ಇಲ್ಲಿಗೆ ಬರ್ತಾರೆ. ಎಲ್ಲೂ ನೋಡಿರಬಾರದು, ಅಂಥ ವಿನ್ಯಾಸ ಬೇಕು. ಚಿಕ್ಕಪುಟ್ಟದ್ದು ಎಷ್ಟಾದ್ರೂ ಇರಲಿ, ಒಂದು ದೊಡ್ಡೋರ ಸ್ವೆಟರ್ ಮಾತ್ರ ಇರಲೇಬೇಕು. ಆಯ್ಕೆ ಆದ್ರೆ ಫೋಟೋ ಹಾಕಿ, ಕೆಳಗೆ ನಿಮ್ಮ ಹೆಸರು ಹಾಕ್ತಾರೆ."

"ನನ್ನ ಹೆಸರಾ?"

"ಮತ್ತೆ ನನ್ನದು ಹಾಕ್ತಾರಾ? ನಿಮ್ಮದೇ. ಉಣ್ಣೆಯಕ್ಕ ಅಂತಲ್ಲ, ಪೂರ್ತಿ ಹೆಸರು."

ಮನೆಗೆ ಬರುವ ದಾರಿಯುದ್ದಕ್ಕೂ ಉಣ್ಣೆಯಕ್ಕ ತನ್ನ ಪೂರ್ತಿ ಹೆಸರನ್ನು ಮನಸ್ಸಿನಲ್ಲೇ ಹೇಳಿಕೊಂಡಳು. ಯಾರೋ ಪರಿಚಯವಿಲ್ಲದವರ ಹೆಸರಿನ ಹಾಗೆ ಕೇಳಿಸಿತು.

ಮನೆಯ ಹಿಂದೆ ಒಂದು ಬಾಲ್ಕನಿ ಇತ್ತು. ಅದರಾಚೆ ಯಾರೋ ಗ್ಯಾರೇಜು ಕಟ್ಟಿಸುತ್ತಿದ್ದರು. ಹೊಸದಾಗಿ ಹಾಕಿದ ಸಿಮೆಂಟಿನ ಮೇಲೆ ಪಾರಿವಾಳಗಳು ಓಡಾಡಿ, ಹೆಜ್ಜೆ ಮೂಡಿ ಹಾಗೇ ಗಟ್ಟಿಯಾಗಿತ್ತು. ಮುಂದೆ ಮೂರು ಬೆರಳು, ಹಿಂದೆ ಒಂದು. ಬಟ್ಟೆ ಹರವಲು ಹೋದಾಗಲೆಲ್ಲ ಉಣ್ಣೆಯಕ್ಕನ ಕಣ್ಣು ಅಲ್ಲೇ ನಿಲ್ಲುತ್ತಿತ್ತು. ಅದನ್ನೇ ಹೆಣೆಯಬೇಕು ಎನ್ನಿಸಿತು. ಬೂದಿ ಬಣ್ಣದ ಸೀದಾ ಹೆಣಿಗೆಯ ಮೇಲೆ ಉಲ್ಟಾ ಕುಣಿಕೆಗಳಲ್ಲಿ ಹೆಜ್ಜೆ ಎಬ್ಬಿಸಬೇಕು. ಕೆಳಗೆ ಅಂಚಿನಲ್ಲಿ ಅಲ್ಲೊಂದು ಇಲ್ಲೊಂದು, ಮೇಲೇರುತ್ತ ಒತ್ತೊತ್ತಾಗಿ, ಭುಜದ ಹತ್ತಿರ ಎಲ್ಲವೂ ತಿರುಗಿ ಕೊರಳಿನ ಕಡೆಗೆ ನಡೆಯಬೇಕು. ಹೇಳುವುದು ಸುಲಭ. ಭುಜದ ತಿರುವಿನಲ್ಲಿ ಹೆಜ್ಜೆಗಳು ಸೊಟ್ಟಗಾಗಿ ಕಾಗೆ ಕೆದರಿದ ಹಾಗೆ ಕಾಣುತ್ತಿದ್ದವು. ಬಿಚ್ಚಿದಳು, ಹೆಣೆದಳು, ಮತ್ತೆ ಬಿಚ್ಚಿದಳು. ಬೇಳೆ ಉಕ್ಕಿ ಒಲೆ ನಂದಿತು. ಅನ್ನ ತಳ ಹಿಡಿಯಿತು.

"ಏ ಹುಡುಗೀ, ಏನೋ ಸೀದ ವಾಸನೆ!" ಎಂದು ಒಳಕೋಣೆಯಿಂದ ಅತ್ತೆ ಕೂಗಿದಳು. ಮನೆಯವರೆಲ್ಲರಿಗೂ ಅವಳು ಅಜ್ಜಿ. ಉಣ್ಣೆಯಕ್ಕನಿಗೆ ಅರವತ್ತು ಹತ್ತಿರವಾದರೂ ಅತ್ತೆಯ ಬಾಯಲ್ಲಿ ಇನ್ನೂ 'ಹುಡುಗಿ'ಯೇ.

"ನೋಡ್ತೀನಿ ಅತ್ತೆ."

"ನೋಡೋದೇನು, ಸೀದಾಯ್ತಲ್ಲ. ಅದೇನು ಅಷ್ಟೊಂದು ಬಿಚ್ಚೋದು? ಹೆಣೆಯೋಕೆ ಬರದೇ ಇದ್ರೆ ಬಿಟ್ಟುಬಿಡಬೇಕಪ್ಪ."

ಕೊನೆಗೂ ಒಂದು ಮಧ್ಯಾಹ್ನ ಹೆಜ್ಜೆಗಳು ದಾರಿಗೆ ಬಂದವು. ಸಂಜೆ ಔಷಧಿ ಅಂಗಡಿಯ ಕೆಲಸ ಮುಗಿಸಿ ಬಂದ ಸೊಸೆಯ ಮೈಗೆ ಸ್ವೆಟರ್ ತೊಡಿಸಿ, ದೀಪದ ಕೆಳಗೆ ನಿಲ್ಲಿಸಿ, ಸುತ್ತ ತಿರುಗಿಸಿ ನೋಡಿದಳು. ಎಲ್ಲಿಯೂ ಜೋಡಣೆ ಕಾಣಿಸಲಿಲ್ಲ.

"ಅತ್ತೆ, ಇದು ಪಾರಿವಾಳ ಅಲ್ವಾ?" ಎಂದಳು ಸೊಸೆ. "ನಡ್ಕೊಂಡು ಬಂದು ನನ್ನ ಕಿವೀಲಿ ಏನೋ ಹೇಳೋ ಹಾಗಿದೆ."

ಉಣ್ಣೆಯಕ್ಕನಿಗೆ ನಗು ತಡೆಯಲಾಗಲಿಲ್ಲ. ಊಟಕ್ಕೆ ಕೂತಾಗ ಎಲ್ಲರ ಮುಂದೆ ಹೇಳಿದಳು. "ನೋಡ್ರಪ್ಪ, ಕಪಾಟಿನ ಮೇಲಿನ ಹಲಗೆ ಮೇಲೆ ಇಟ್ಟಿರೋದು ಮಿಲ್ಲಿನವರಿಗೆ ತೋರಿಸೋಕೆ. ಅದನ್ನ ಯಾರೂ ಮುಟ್ಟಬೇಡಿ."

"ಮುಟ್ಟಲ್ಲ ಮಾರಾಯ್ತಿ," ಎಂದ ಗಂಡ, ಆಲೂಗಡ್ಡೆ ಹಿಸುಕುತ್ತ. "ಏನು ಬಂಗಾರಾನಾ?"

ಆ ವಾರ ಮಗನ ಮುಖ ಸರಿ ಇರಲಿಲ್ಲ. ಅವನು ಟೈರು ಗೋದಾಮಿನಲ್ಲಿ ಹಂಗಾಮಿ ಕೆಲಸದವನು. ಕಾಯಂ ಮಾಡುವವರ ಹೆಸರು ಇನ್ನೇನು ಹೊರಬೀಳಲಿದೆ, ತನ್ನ ಹೆಸರು ಇದೆಯೋ ಇಲ್ಲವೋ ಎಂದು ಊಟ ಬಿಟ್ಟು ಎದ್ದು ಹೋಗುತ್ತಿದ್ದ. ಅಪ್ಪ ಮಗ ಬಾಗಿಲಲ್ಲಿ ನಿಂತು ಪಿಸುಗುಟ್ಟುತ್ತಿದ್ದರು. ಉಣ್ಣೆಯಕ್ಕ ಅದರ ಕಡೆ ಕಿವಿಗೊಡಲಿಲ್ಲ.

ಮೇಡಂ ಬರಲು ಐದಾರು ದಿನ ಉಳಿದಿದ್ದಾಗ, ಸ್ವೆಟರಿನ ಕೊರಳಪಟ್ಟಿಯನ್ನು ಇನ್ನೊಮ್ಮೆ ನೋಡೋಣವೆಂದು ಕಪಾಟು ತೆರೆದಳು. ಟೊಪ್ಪಿ ಇತ್ತು, ಮಫ್ಲರ್ ಇತ್ತು, ಮಗುವಿನ ಅಂಗಿ ಇತ್ತು, ಕೈಗವಸು ಇತ್ತು. ಸ್ವೆಟರ್ ಇರಲಿಲ್ಲ. ಕೆಳಗಿನ ಹಲಗೆಗಳನ್ನು ಕೆದಕಿದಳು. ಮಂಚದ ಕೆಳಗೆ ನೋಡಿದಳು. ಒಗೆಯುವ ಬಟ್ಟೆಯ ಬುಟ್ಟಿಯನ್ನು ನೆಲಕ್ಕೆ ಸುರಿದಳು.

ಗಂಡ ಪೇಪರಿನ ಹಿಂದಿನಿಂದ, "ಏನು ಹುಡುಕ್ತಿದ್ದೀಯ?" ಎಂದ. ಆ ದನಿಯಲ್ಲೇ ಅವಳಿಗೆ ತಿಳಿದುಹೋಯಿತು.

"ಯಾರಿಗೆ ಕೊಟ್ರಿ?"

"ಕೂತ್ಕೋ, ಹೇಳ್ತೀನಿ."

"ಯಾರಿಗೆ ಕೊಟ್ರಿ ಅಂದೆ."

"ನಿನ್ನ ಮಗನ ಮ್ಯಾನೇಜರ್ ಹೆಂಡತಿಗೆ. ಎಲ್ಲಾರೂ ಏನೇನೋ ತಗೊಂಡು ಹೋಗಿ ಕೊಡ್ತಿದ್ದಾರೆ. ನಾವು ಬರೀ ಕೈ ಬೀಸ್ಕೊಂಡು ಹೋಗಬೇಕಿತ್ತಾ?"

"ಮುಟ್ಟಬೇಡಿ ಅಂದಿದ್ದೆ. ಈ ಮೇಜಿನ ಮುಂದೆ, ನಿಮ್ಮ ಮುಖ ನೋಡ್ಕೊಂಡು ಹೇಳಿದ್ದೆ."

"ಕಾಯಂ ಆಗೋ ವಿಷಯ ಕಣೇ! ಒಂದು ಸ್ವೆಟರ್ ಹೆಚ್ಚೋ, ಹೆತ್ತ ಮಗ ಹೆಚ್ಚೋ? ಮಫ್ಲರ್ ಕೊಟ್ರೆ ಮರ್ಯಾದೆ ಇರುತ್ತಾ? ಇದ್ದದ್ದರಲ್ಲಿ ಚೆನ್ನಾಗಿರೋದು ಅದೇ ಅಂತ ತಗೊಂಡೋದೆ. ನಿನ್ನ ಕೆಲಸಕ್ಕೆ ಅದಕ್ಕಿಂತ ಹೊಗಳಿಕೆ ಬೇಕಾ?"

ಮಗ ಬಂದ ಮೇಲೆ ಅವನನ್ನೂ ಕೇಳಿದಳು. ಅವನು ಬೂಟಿನ ದಾರ ಬಿಚ್ಚುತ್ತ ತಲೆ ಎತ್ತಲಿಲ್ಲ. "ನಾನು ಬೇಡ ಅಂದೆ ಅಮ್ಮ. ಅಪ್ಪ ಕೇಳಲಿಲ್ಲ."

"ತಗೊಂಡು ಹೋಗಿ ಕೊಟ್ಟಿದ್ದು ಯಾರು?"

"...ಇಬ್ರೂ ಹೋಗಿದ್ವಿ."

"ಬೇಡ ಅಂದವನು ಜೊತೇಲಿ ಹೋಗಿ, ಅವರ ಮನೆ ಚಹಾನೂ ಕುಡಿದು ಬಂದೆಯಾ?"

"ಅಯ್ಯೋ, ಇನ್ನೊಂದು ಹೆಣೆದುಕೋ!" ಎಂದಳು ಅಜ್ಜಿ, ತಟ್ಟೆಯನ್ನು ಮುಂದಕ್ಕೆ ತಳ್ಳಿ. "ನನ್ನ ಮಗಂದು ಕೊಡುಗೈ. ಹುಟ್ಟಿನಿಂದ ಹಾಗೇ. ಅದಕ್ಕೆ ಹೀಗೆ ಮನೆ ತಲೆ ಮೇಲೆ ಹೊತ್ಕೊಂಡು ಕೂಗಾಡ್ತಾರಾ?"

ಐದು ದಿನದಲ್ಲಿ ಸ್ವೆಟರ್ ಆಗುವುದಿಲ್ಲವೆಂದು ಆ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಇಷ್ಟು ವರ್ಷ ಅವಳು ಅವರ ಕಣ್ಣೆದುರೇ ಹೆಣೆದಿದ್ದಳು.

ಮರುದಿನ ಬೆಳಗ್ಗೆ, ಡಬ್ಬಿಗಳೆಲ್ಲ ಹೋದ ಮೇಲೆ, ಉಣ್ಣೆಯಕ್ಕ ಚೀಲಕ್ಕೆ ಒಂದು ಕೆಂಪು ಶಾಲು ಹಾಕಿಕೊಂಡಳು. ಅದು ಸ್ವೆಟರಿಗಿಂತ ಕಣ್ಣಿಗೆ ಹೊಡೆಯುವಂಥದ್ದು. ಬದಲಿಗೆ ಇದನ್ನು ಇಟ್ಟುಕೊಳ್ಳಿ, ಅದನ್ನು ಒಂದು ವಾರಕ್ಕೆ ಕೊಡಿ, ಆಮೇಲೆ ಎರಡೂ ನಿಮ್ಮದೇ ಎಂದು ಕೇಳುವುದೆಂದು ಮಾತು ಜೋಡಿಸಿಕೊಂಡಳು. ಬಣ್ಣ ತಾಳೆ ನೋಡಲು ಬೇಕಾದೀತೆಂದು ಉಳಿದ ಬೂದಿ ಉಣ್ಣೆಯ ಉಂಡೆಯನ್ನೂ ಕಡ್ಡಿಗಳನ್ನೂ ಹಾಕಿಕೊಂಡಳು. ಸೊಸೆ ವಿಳಾಸ ಹೇಳಿದ್ದಳು.

ಮ್ಯಾನೇಜರ ಮನೆಯ ಮುಂದಿನ ಬಾಗಿಲು ಹಾಕಿತ್ತು. ಪಕ್ಕದ ಓಣಿಯಿಂದ ಹಿಂದಕ್ಕೆ ಹೋದರೆ, ನಲ್ಲಿಯ ಹತ್ತಿರ ಒಬ್ಬ ಹೆಂಗಸು ಕುಕ್ಕುರುಗಾಲಿನಲ್ಲಿ ಕೂತು ಪಾತ್ರೆ ಉಜ್ಜುತ್ತಿದ್ದಳು. ಅವಳ ಬೆನ್ನು ಈ ಕಡೆಗಿತ್ತು. ಬೆನ್ನಿನ ಮೇಲೆ ಪಾರಿವಾಳಗಳು ನಡೆಯುತ್ತಿದ್ದವು.

"ಅಮ್ಮಾವ್ರು ಇಲ್ಲ," ಎಂದಳು ಅವಳು ತಿರುಗಿ. "ತೌರಿಗೆ ಹೋಗಿದ್ದಾರೆ. ನಾಳಿದ್ದು ಬರ್ತಾರೆ."

ಉಣ್ಣೆಯಕ್ಕ ಸ್ವೆಟರನ್ನೇ ನೋಡುತ್ತಿದ್ದಳು. ಹೆಂಗಸು ಒದ್ದೆ ಕೈಯನ್ನು ಎದೆಗೆ ಒತ್ತಿಕೊಂಡಳು. "ಇದು ಅಮ್ಮಾವ್ರೇ ಕೊಟ್ಟಿದ್ದು. ಬೂದಿ ಬಣ್ಣ ನಂಗಾಗಲ್ಲ, ನೀನೇ ಹಾಕ್ಕೋ ಅಂದ್ರು. ಕದ್ದಿದ್ದಲ್ಲ ತಾಯಿ, ಬೇಕಾದ್ರೆ ಕೇಳಿ ನೋಡಿ."

"ಕದ್ದಿದ್ದು ಅಂತ ನಾನು ಹೇಳಲಿಲ್ಲ. ತೋಳು... ತೋಳಿಗೆ ಏನಾಯ್ತು?"

"ಉದ್ದ ಇತ್ತು. ಪಾತ್ರೆ ತೊಳೆಯೋವಾಗ ನೆನೆದು ನೆನೆದು ಕೈ ಎಲ್ಲ ಮರಗಟ್ಟೋದು. ಕತ್ತರಿಸಿಬಿಟ್ಟೆ." ಮೊಣಕೈಯಿಂದ ಸ್ವಲ್ಪ ಕೆಳಗೆ, ಅಡುಗೆಮನೆಯ ಕತ್ತರಿಯಲ್ಲಿ ಕತ್ತರಿಸಿದ ಅಂಚು. ಅದನ್ನು ಕಪ್ಪು ದಾರದಲ್ಲಿ ಸುತ್ತಿ ಹೊಲಿದಿದ್ದಳು. ಒಂದು ಕಡೆ ದಾರ ಬಿಟ್ಟು ಕುಣಿಕೆಗಳು ಒಂದೊಂದಾಗಿ ಮೇಲಕ್ಕೆ ಓಡತೊಡಗಿದ್ದವು. "ಎಷ್ಟು ಹೊಲಿದ್ರೂ ಬಿಚ್ಕೋತಾನೇ ಇದೆ. ಆದ್ರೂ ಬೆಚ್ಚಗಿದೆ. ಇಂಥದ್ದು ನಾನು ಯಾವತ್ತೂ ಹಾಕಿಲ್ಲ."

ಚೀಲದಲ್ಲಿದ್ದ ಮಾತುಗಳೆಲ್ಲ ಚೀಲದಲ್ಲೇ ಉಳಿದವು. ತೋಳು ಕತ್ತರಿಸಿದ ಸ್ವೆಟರನ್ನು ಮಿಲ್ಲಿನ ಮೇಡಂಗೆ ತೋರಿಸುವುದು ಆಗದ ಮಾತು. ತೋರಿಸಬಹುದಾಗಿದ್ದರೂ ಈ ಮೈಯಿಂದ ಬಿಚ್ಚಿಸುವುದು ಹೇಗೆ? ಉಣ್ಣೆಯಕ್ಕ ಮೆಟ್ಟಿಲ ಮೇಲೆ ಕೂತಳು.

"ಇಲ್ಲಿ ಬಾ. ಕೈ ಒರೆಸ್ಕೊಂಡು ಬಾ."

"ಯಾಕಮ್ಮಾ?"

"ಹೀಗೇ ಬಿಟ್ರೆ ಇನ್ನೊಂದು ವಾರಕ್ಕೆ ಭುಜದವರೆಗೂ ಬಿಚ್ಚಿಹೋಗುತ್ತೆ. ಇದನ್ನ ಹೆಣೆದೋಳು ನಾನೇ. ಸರಿ ಮಾಡಿಕೊಡ್ತೀನಿ."

ಹೆಂಗಸು ನಂಬಲಾರದೆ ಬಂದು ಪಕ್ಕದಲ್ಲಿ ಕೂತು ತೋಳು ಚಾಚಿದಳು. ಉಣ್ಣೆಯಕ್ಕ ಕಪ್ಪು ದಾರ ಕಿತ್ತು, ಓಡಿಹೋದ ಕುಣಿಕೆಗಳನ್ನು ಹಿಡಿದು ಕಡ್ಡಿಗೇರಿಸಿ, ಬೂದಿ ಉಣ್ಣೆಯಲ್ಲಿ ಬಿಗಿಯಾದ ಪಟ್ಟಿ ಹೆಣೆದು ಮುಗಿಸಿದಳು. ಎರಡನೆಯ ತೋಳಿಗೂ ಹಾಗೇ ಮಾಡಿದಳು. ಅಷ್ಟು ಹೊತ್ತೂ ಹೆಂಗಸು ಡಾಕ್ಟರ ಮುಂದೆ ಕೂತ ಹಾಗೆ ಕೂತಿದ್ದಳು.

"ಅಮ್ಮಾವ್ರು ಬಂದ್ರೆ ಏನು ಹೇಳಲಿ? ಯಾರು ಬಂದಿದ್ರು ಅನ್ನಲಿ?"

"ಯಾರೂ ಬಂದಿರಲಿಲ್ಲ ಅನ್ನು."

ಮಿಲ್ಲಿನ ಮೇಡಂ ಹೇಳಿದ ದಿನ ಬಂದಳು. ಟೊಪ್ಪಿಯನ್ನು ತಿರುಗಿಸಿ ಮುರುಗಿಸಿ ನೋಡಿದಳು, ಮಗುವಿನ ಅಂಗಿಯ ಒಳಬದಿಯನ್ನೂ ನೋಡಿ ತಲೆದೂಗಿದಳು. "ಕೈ ಚೆನ್ನಾಗಿದೆ. ದೊಡ್ಡೋರ ಸ್ವೆಟರ್ ಎಲ್ಲಿ?"

"ಇತ್ತು. ಮನೇಲಿ ಯಾರಿಗೋ ಕೊಟ್ಟುಬಿಟ್ರು."

ಮೇಡಂ ಅಂಗಡಿ ಒಡತಿಯ ಮುಖ ನೋಡಿದಳು. ಇಂಥ ನೆಪಗಳನ್ನು ಎಷ್ಟೋ ಕೇಳಿದ್ದೇನೆ ಎನ್ನುವಂತಿತ್ತು ಆ ನೋಟ. "ಅದೇ ಮುಖ್ಯ ಅಲ್ವಾ? ಬರೀ ಟೊಪ್ಪಿ ಹಾಕಿ ಪುಸ್ತಕ ಮಾಡೋಕಾಗಲ್ಲ. ಮುಂದೆ ಯಾವಾಗಲಾದ್ರೂ ನೋಡೋಣ."

ಅವಳು ಹೋದ ಮೇಲೆ ಒಡತಿ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿಕೊಂಡಳು. "ಬಯ್ಯೋಣ ಅಂದ್ರೆ ನಿಮಗೆ ಬಯ್ದು ಏನು ಪ್ರಯೋಜನ? ಒಂದು ಮಾತು ಹೇಳ್ತೀನಿ. ಜನ ಅರ್ಧ ಹೆಣೆದು ಬಿಟ್ಟದ್ದನ್ನೆಲ್ಲ ಮುಗಿಸಿಕೊಡಿ ಅಂತ ನನ್ನ ಹತ್ರ ತಂದು ಹಾಕ್ತಾರೆ. ನಂಗೆ ಕಣ್ಣು ಸಾಲದು. ಬೆಳಗ್ಗೆ ಬಂದು ಕೂರ್ತೀರಾ? ವಿನ್ಯಾಸ ಗಿನ್ಯಾಸ ಏನಿಲ್ಲ. ಬೇರೆಯವರದ್ದು ಮುಗಿಸೋ ಕೆಲಸ. ಕೂಲಿ ಕೊಡ್ತೀನಿ."

"ಬರ್ತೀನಿ," ಎಂದಳು ಉಣ್ಣೆಯಕ್ಕ.

ಮನೆಯಲ್ಲಿ ದೊಡ್ಡ ರಂಪವೇ ಆಯಿತು. "ಈ ವಯಸ್ಸಲ್ಲಿ ಅಂಗಡೀಲಿ ಕೂತು ಕೂಲಿ ಮಾಡ್ತೀಯಾ? ಬೀದಿಯವರು ನನ್ನ ಏನಂದ್ಕೋಬೇಕು?" ಎಂದು ಗಂಡ ಕುರ್ಚಿಯಿಂದ ಎದ್ದೇ ನಿಂತ.

"ದಾನಿಗಳು ಅಂತಾನೇ ಅಂದ್ಕೋತಾರೆ. ಹೆಂಡತೀನ ಅಂಗಡಿಗೆ ದಾನ ಕೊಟ್ಟಿದ್ದೀನಿ ಅನ್ನಿ."

ಸೊಸೆ ಮುಖ ತಿರುಗಿಸಿ ನೀರು ಕುಡಿದಳು. "ನಂಗೆ ಬಿಸಿನೀರು ಯಾರು ಕೊಡ್ತಾರೆ?" ಎಂದು ಅಜ್ಜಿ ಕೇಳಿದಳು. "ನಿಮ್ಮ ಮಗಂದು ಕೊಡುಗೈ ಅಲ್ವಾ ಅತ್ತೆ," ಎಂದಳು ಉಣ್ಣೆಯಕ್ಕ. ಮರುದಿನದಿಂದ ಚಹಾವನ್ನು ಗಂಡನೇ ಮಾಡಿಕೊಂಡ. ಹಾಲು ಉಕ್ಕಿಸಿ, ಒಲೆ ಒರೆಸದೆ, ಅದನ್ನು ಬೀದಿಗೆಲ್ಲ ಹೇಳಿಕೊಂಡು ಬಂದ.

ಮುಂದಿನ ವಾರ ಮಗ ಕಾಯಂ ಆದ. ಗಂಡ ಬೇಕರಿಯಿಂದ ಕೇಕು ತಂದು, "ನೋಡಿದ್ಯಾ? ಯಾವುದರಿಂದ ಆಯ್ತು ಹೇಳು?" ಎಂದು ಹೆಂಡತಿಯ ಬಾಯಿಗೇ ಒಂದು ತುಂಡು ಹಿಡಿದ. ಅಡುಗೆಮನೆಯಲ್ಲಿ ಸೊಸೆ ದನಿ ತಗ್ಗಿಸಿ ಹೇಳಿದಳು. "ಅತ್ತೆ, ಗೋದಾಮಿನ ಎಲ್ಲಾ ಹುಡುಗರಿಗೂ ಒಂದೇ ದಿನ ಕಾಯಂ ಆಯ್ತಂತೆ. ಏನೂ ಕೊಡದೇ ಇದ್ದವರಿಗೂ. ಮೇಲಿನ ಆಫೀಸಿನಿಂದ ಯಾವತ್ತೋ ತೀರ್ಮಾನ ಆಗಿತ್ತಂತೆ."

"ನಿಮ್ಮ ಮಾವನಿಗೆ ಹೇಳಿದ್ಯಾ?"

"ಇವರು ಹೇಳಿದ್ರು. ಮಾವ ನಂಬಲಿಲ್ಲ."

ಒಂದು ಭಾನುವಾರ ಮ್ಯಾನೇಜರನ್ನೂ ಅವನ ಹೆಂಡತಿಯನ್ನೂ ಚಹಾಕ್ಕೆ ಕರೆದದ್ದಾಯಿತು. ಹೊಸ ಕಪ್-ಬಸಿಗಳು ಹೊರಬಂದವು. ಮ್ಯಾನೇಜರ ಹೆಂಡತಿ ಬಿಸ್ಕತ್ತಿನ ತುದಿ ಕಚ್ಚಿ, ಉಣ್ಣೆಯಕ್ಕನ ಕಡೆ ತಿರುಗಿ ಬಾಯಿತುಂಬ ನಕ್ಕಳು. "ನೀವು ಕೊಟ್ಟ ಸ್ವೆಟರ್ ಇದೆಯಲ್ಲ, ಮನೇಲಿ ದಿನಾ ಅದನ್ನೇ ಹಾಕ್ಕೋತೀನಿ. ಮೈಗೆ ಅಂಟಿಕೊಂಡುಬಿಟ್ಟಿದೆ ಅನ್ನಿ."

ಉಣ್ಣೆಯಕ್ಕನ ನಾಲಿಗೆಯ ತುದಿಗೆ ಒಂದು ಮಾತು ಬಂತು. ಕತ್ತರಿಸಿದ ತೋಳಿನ ಮಾತು. ಅದನ್ನು ಆಡಿದರೆ ಏಟು ಬೀಳುವುದು ಯಾರಿಗೆ ಎಂದು ಯೋಚಿಸಿದಳು. ನಲ್ಲಿಯ ಹತ್ತಿರ ಕೂತವಳಿಗೆ. ನುಂಗಿಕೊಂಡಳು.

"ಒಂದು ನೀಲಿ ಬಣ್ಣದ್ದು ಹೆಣೆದುಕೊಡಿ," ಎಂದಳು ಮ್ಯಾನೇಜರ ಹೆಂಡತಿ. "ನೀಲಿ ನಂಗೆ ಬಹಳ ಒಪ್ಪುತ್ತೆ."

"ಅದಕ್ಕೇನಂತೆ!" ಎಂದ ಗಂಡ. "ಇವತ್ತೇ ಶುರು ಮಾಡ್ತಾಳೆ."

"ಇಲ್ಲ," ಎಂದಳು ಉಣ್ಣೆಯಕ್ಕ. "ನಾನು ಹೆಣೆಯಲ್ಲ."

ಮಗನ ಕೈಯಲ್ಲಿದ್ದ ಬಸಿ ಟಣ್ ಎಂದಿತು. ಮ್ಯಾನೇಜರ ಹೆಂಡತಿ, "ಕಣ್ಣಿಗೆ ತೊಂದರೆ ಇರಬೇಕು, ಪಾಪ," ಎಂದು ತಾನೇ ಅರ್ಥ ಮಾಡಿಕೊಂಡಳು. "ಹೌದೌದು, ಕಣ್ಣು," ಎಂದು ಗಂಡ ಹಿಡಿದುಕೊಂಡ. "ಕಣ್ಣು ಚೆನ್ನಾಗೇ ಇದೆ," ಎಂದು ಉಣ್ಣೆಯಕ್ಕ ಕಪ್ಪುಗಳನ್ನು ಎತ್ತಿಕೊಂಡು ಒಳಗೆ ಹೋದಳು.

ಅವರು ಬೀದಿ ದಾಟುವಷ್ಟರಲ್ಲಿ ಗಂಡ ಅಡುಗೆಮನೆಯ ಬಾಗಿಲಿಗೆ ಬಂದ. "ಮರ್ಯಾದೆ ತೆಗೆದೆಯಲ್ಲೇ! ನಾಲ್ಕು ಜನರ ಮುಂದೆ ನನ್ನ ಮಾತನ್ನ ಕಾಲ ಕೆಳಗೆ ಹಾಕಿದೆ!"

"ಅದು ನಿಮ್ಮ ಮಾತು. ಕೈ ನಂದು."

"ಅಮ್ಮ, ನಾಳೆ ನಾನು ಅವರ ಮುಖ ನೋಡಬೇಕಲ್ಲ," ಎಂದ ಮಗ.

"ನೋಡು. ನೀನೀಗ ಕಾಯಂ."

ಅದಾದ ಮೇಲೂ ಉಣ್ಣೆಯಕ್ಕ ಬೆಳಗ್ಗೆ ಹೋಗಿ ಅಂಗಡಿಯ ಕಿಟಕಿಯ ಪಕ್ಕ ಕೂತು, ಯಾರೋ ಬೇಸತ್ತು ಬಿಟ್ಟ ಸ್ವೆಟರಿನ ಬೆನ್ನುಗಳಿಗೆ ತೋಳು ಹಚ್ಚುತ್ತಿದ್ದಳು. ಮಿಲ್ಲಿನ ಪುಸ್ತಕ ಅಂಗಡಿಗೆ ಬಂದಾಗ ಒಡತಿ ಅದನ್ನು ಬಿಚ್ಚದೆ ಗಲ್ಲಾಪೆಟ್ಟಿಗೆಯ ಕೆಳಗೆ ತಳ್ಳಿದಳು. ಉಣ್ಣೆಯಕ್ಕ ಕೇಳಿ ತೆಗೆಸಿಕೊಂಡು, ಪ್ರತಿ ಪುಟ ನೋಡಿ, ಪ್ರತಿ ಹೆಸರು ಓದಿ, ವಾಪಸು ಕೊಟ್ಟಳು.

ಒಂದು ಸಂಜೆ ಸ್ವಲ್ಪ ಬೇಗ ಮನೆಗೆ ಬಂದಳು. ಊಟದ ಮೇಜಿನ ಮುಂದೆ ಗಂಡ ಕೂತಿದ್ದ. ಮುಂದೆ ಹೊಸ ನೀಲಿ ಸ್ವೆಟರ್, ಯಂತ್ರದಲ್ಲಿ ಹೆಣೆದದ್ದು, ದೊಡ್ಡ ಬೀದಿಯ ಬಟ್ಟೆ ಅಂಗಡಿಯದ್ದು. ಅವಳ ಸಣ್ಣ ಕತ್ತರಿ ಹಿಡಿದು, ನಾಲಿಗೆ ಕಚ್ಚಿಕೊಂಡು, ಕೊರಳಪಟ್ಟಿಯ ಒಳಗಿನ ಕಂಪನಿಯ ಚೀಟಿಯನ್ನು ಒಂದೊಂದೇ ಹೊಲಿಗೆ ಬಿಡಿಸಿ ಕೀಳುತ್ತಿದ್ದ. ಅವಳನ್ನು ಕಂಡು ಬೆಚ್ಚಿದ. ಮರುಕ್ಷಣ ಎದೆ ಸೆಟೆಸಿದ.

"ನೀನು ಹೆಣೆಯದೇ ಇದ್ರೆ ಪ್ರಪಂಚ ನಿಲ್ಲುತ್ತಾ?"

"ನಿಲ್ಲಲ್ಲ. ಕತ್ತರೀನ ಜಾಗಕ್ಕೆ ಇಡಿ," ಎಂದು ಅವಳು ಕೈಕಾಲು ತೊಳೆಯಲು ಹೋದಳು.

ಎರಡು ದಿನ ಬಿಟ್ಟು ಎಲ್ಲರೂ ಊಟಕ್ಕೆ ಕೂತಿದ್ದರು. ಮಗ ಬಹಳ ದಿನಗಳ ಮೇಲೆ ಹುರುಪಿನಲ್ಲಿದ್ದ. "ಅಮ್ಮಾ, ಮ್ಯಾನೇಜರ್ ಇವತ್ತು ತಾವಾಗಿ ಕರೆದು ಹೇಳಿದ್ರು. ನೀಲಿ ಸ್ವೆಟರ್ ಅವರ ಹೆಂಡತಿಗೆ ಎಷ್ಟು ಹಿಡಿಸಿದೆ ಅಂದ್ರೆ, ಮೊದಲನೇದಕ್ಕಿಂತ ಇದೇ ಅಚ್ಚುಕಟ್ಟಾಗಿದೆಯಂತೆ. ನಿಮ್ಮ ತಾಯಿ ಕೈ ಈಗ ಪಳಗಿದೆ ಅಂದ್ರು." ಹೇಳುತ್ತ ಹೇಳುತ್ತ ಅವನಿಗೆ ಏನೋ ನೆನಪಾಗಿ ದನಿ ಇಳಿಯಿತು. ಸೊಸೆ ತಟ್ಟೆ ನೋಡಿದಳು. ಗಂಡ ಬ್ರೆಡ್ಡಿನ ಚೂರಿನಿಂದ ಬೇಳೆಯನ್ನು ಬಳಿದು ಬಳಿದು ತಿಂದ. ಅವನ ಮುಖದಲ್ಲಿ ನಾಚಿಕೆ ಇರಲಿಲ್ಲ. ಯಾರೋ ತನ್ನನ್ನೇ ಹೊಗಳಿದ ಖುಷಿ ಇತ್ತು.

ಅಜ್ಜಿಗೆ ಮಾತ್ರ ಏನೂ ಗೊತ್ತಿರಲಿಲ್ಲ. ಬೋಳು ಬಾಯಿ ತುಂಬ ನಕ್ಕು ಉಣ್ಣೆಯಕ್ಕನ ಕಡೆ ತಿರುಗಿದಳು.

"ನೋಡಿದ್ಯಾ ಹುಡುಗೀ? ನಾನು ಅವತ್ತೇ ಹೇಳಲಿಲ್ವಾ, ಅಷ್ಟೊಂದು ಬಿಚ್ಚಬೇಡ, ಸುಮ್ನೆ ಹೆಣೆದು ಕೊಡು ಅಂತ? ಈಗ ನೋಡು, ಎಲ್ಲಾರೂ ಮೆಚ್ಕೊಂಡ್ರು."

ಉಣ್ಣೆಯಕ್ಕ ಅತ್ತೆಯ ತಟ್ಟೆಗೆ ಇನ್ನೊಂದು ಸೌಟು ಅನ್ನ ಬಡಿಸಿ, ಗಂಟಿಲ್ಲದ ಹಾಗೆ ಮೆತ್ತಗೆ ಹಿಸುಕಿಕೊಟ್ಟಳು.

"ಹೌದು ಅತ್ತೆ," ಎಂದಳು. "ಕೈ ಹಾಕದೇ ಇದ್ರೇನೇ ಚೆನ್ನಾಗಿ ಬರುತ್ತೆ."